ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದವರಿಗೆ: ಫೈಲ್‌ಗಳನ್ನು ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಸಾಗಿಸುವುದು

ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಕೊಂಡವರು ಕಟ್-ಪೇಸ್ಟ್ ಅನ್ನು ಹೊಸದಾಗಿ ಕಲಿಯಬೇಕಿಲ್ಲ. ಕಂಟ್ರೋಲ್ + ಎಕ್ಸ್, ಕಂಟ್ರೋಲ್ + ವಿ ಇಲ್ಲೂ ಅದೇ ಕೆಲಸ ಮಾಡುತ್ತವೆ. ಎಡವಟ್ಟಾಗುವುದು ಬೇರೆ ಕಡೆ. ಫೈಲ್ ಈಗ ಯಾವ ಪಾರ್ಟಿಷನ್‌ನಲ್ಲಿದೆ (ಡಿಸ್ಕ್ ಅನ್ನು ಪಾಲು ಮಾಡಿದ ಭಾಗಗಳಲ್ಲಿ ಯಾವುದರಲ್ಲಿದೆ), ಹೋಗಬೇಕಾದ ಫೋಲ್ಡರ್ ಯಾವುದರಲ್ಲಿದೆ ಎಂದು ಮೊದಲು ಗೊತ್ತಿರಬೇಕು. ವಿಂಡೋಸ್‌ನಲ್ಲಿ ಸಿ ಡ್ರೈವ್, ಡಿ ಡ್ರೈವ್ ಎಂಬ ಅಕ್ಷರಗಳೇ ಅದನ್ನು ಹೇಳಿಬಿಡುತ್ತಿದ್ದವು. ಲಿನಕ್ಸ್‌ನಲ್ಲಿ ಆ ಅಕ್ಷರಗಳಿಲ್ಲ. ಎಲ್ಲ ಡಿಸ್ಕ್‌ಗಳೂ ಸ್ಲ್ಯಾಷ್ ಎಂಬ ಒಂದೇ ಮೂಲ ಫೋಲ್ಡರ್‌ನ ಕೆಳಗೆ ಸೇರಿಕೊಂಡಿರುತ್ತವೆ.

ನಿಮ್ಮ ಸ್ವಂತ ಕಡತಗಳಿಗೆ ಇರುವ ಜಾಗ ಹೋಮ್ ಫೋಲ್ಡರ್. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲ ಅದರೊಳಗಿವೆ. ಪೆನ್‌ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್, ಹಳೆಯ ವಿಂಡೋಸ್ ಪಾರ್ಟಿಷನ್ ಇವು ಫೈಲ್ ಮ್ಯಾನೇಜರ್‌ನ ಎಡಗಡೆಯ ಪಟ್ಟಿಯಲ್ಲಿ ಕಾಣುತ್ತವೆ. ಯಾವ ಫೋಲ್ಡರ್‌ನಲ್ಲಾದರೂ ನಿಂತು ಕಂಟ್ರೋಲ್ + ಎಲ್ ಒತ್ತಿದರೆ ಅದರ ಪೂರ್ತಿ ವಿಳಾಸ ಸಿಗುತ್ತದೆ. ವಿಳಾಸ ಹೋಮ್‌ನಿಂದ ಶುರುವಾದರೆ ಅದು ನಿಮ್ಮ ಲಿನಕ್ಸ್ ಜಾಗ. ಮೀಡಿಯಾದಿಂದ ಶುರುವಾದರೆ (ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ರನ್ ಎಂಬುದರೊಳಗಿನ ಮೀಡಿಯಾ) ಅದು ಬೇರೆ ಡ್ರೈವ್ ಅಥವಾ ಬೇರೆ ಪಾರ್ಟಿಷನ್.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಒಂದೇ ಪಾರ್ಟಿಷನ್‌ನೊಳಗೆ ಸಾಗಿಸಿದರೆ ಫೈಲ್‌ನ ಒಳಗಿನ ಡೇಟಾ ಅಲುಗಾಡುವುದೇ ಇಲ್ಲ, ಅದು ಯಾವ ಫೋಲ್ಡರ್‌ಗೆ ಸೇರಿದ್ದು ಎಂಬ ದಾಖಲೆ ಮಾತ್ರ ಬದಲಾಗುತ್ತದೆ. 40 ಜಿಬಿ ವಿಡಿಯೋ ಆದರೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಬೇರೆ ಪಾರ್ಟಿಷನ್‌ಗೆ ಸಾಗಿಸಿದಾಗ ನಡೆಯುವುದು ಎರಡು ಕೆಲಸ: ಮೊದಲು ನಕಲು, ಆಮೇಲೆ ಮೂಲದ್ದನ್ನು ಅಳಿಸುವುದು. ಮುಂದೆ ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯಲ್ಲೇ ಬರುತ್ತವೆ.

ಸಾಗಿಸುವ ಕ್ರಮ

ಎರಡು ಫೋಲ್ಡರ್‌ಗಳನ್ನೂ ಒಟ್ಟಿಗೆ ಕಣ್ಣೆದುರು ಇಟ್ಟುಕೊಂಡರೆ ತಪ್ಪು ಕಡಿಮೆ. ಮಿಂಟ್‌ನ ಫೈಲ್ ಮ್ಯಾನೇಜರ್ ನೀಮೋ, ಕೆಡಿಇ ಎಂಬ ಡೆಸ್ಕ್‌ಟಾಪ್‌ನ ಫೈಲ್ ಮ್ಯಾನೇಜರ್ ಡಾಲ್ಫಿನ್ ಎರಡರಲ್ಲೂ ಎಫ್3 ಒತ್ತಿದರೆ ಕಿಟಕಿ ಎರಡು ಭಾಗವಾಗುತ್ತದೆ. ಉಬುಂಟುವಿನ ಫೈಲ್ ಮ್ಯಾನೇಜರ್ ಆದ ಫೈಲ್ಸ್‌ನಲ್ಲಿ ಈ ಸೌಲಭ್ಯವಿಲ್ಲ. ಕಂಟ್ರೋಲ್ + ಎನ್ ಒತ್ತಿ ಎರಡನೇ ಕಿಟಕಿ ತೆರೆದು ಪಕ್ಕದಲ್ಲಿಡಿ, ಅಥವಾ ಕಂಟ್ರೋಲ್ + ಟಿ ಒತ್ತಿ ಹೊಸ ಟ್ಯಾಬ್ ತೆಗೆಯಿರಿ.

1. ಹೋಗಬೇಕಾದ ಫೋಲ್ಡರ್ ಇಲ್ಲದಿದ್ದರೆ ಮೊದಲೇ ಮಾಡಿಕೊಳ್ಳಿ: ಕಂಟ್ರೋಲ್ + ಶಿಫ್ಟ್ + ಎನ್.
2. ಬೇಕಾದ ಫೈಲ್‌ಗಳನ್ನು ಆರಿಸಿ. ಬಿಡಿಬಿಡಿಯಾಗಿ ಬೇಕಿದ್ದರೆ ಕಂಟ್ರೋಲ್ ಹಿಡಿದು ಕ್ಲಿಕ್, ಸಾಲಾಗಿ ಬೇಕಿದ್ದರೆ ಮೊದಲನೆಯದನ್ನು ಕ್ಲಿಕ್ ಮಾಡಿ ಕೊನೆಯದನ್ನು ಶಿಫ್ಟ್ ಹಿಡಿದು ಕ್ಲಿಕ್.
3. ಕಂಟ್ರೋಲ್ + ಎಕ್ಸ್ ಒತ್ತಿ. ಪೇಸ್ಟ್ ಮಾಡುವವರೆಗೂ ಫೈಲ್ ಇದ್ದಲ್ಲೇ ಇರುತ್ತದೆ. ನಡುವೆ ಬೇರೇನನ್ನಾದರೂ ಕಾಪಿ ಮಾಡಿದರೆ ಕಟ್ ರದ್ದಾಗುತ್ತದೆ ಅಷ್ಟೇ, ಫೈಲ್ ಕಳೆಯುವುದಿಲ್ಲ.
4. ಹೋಗಬೇಕಾದ ಫೋಲ್ಡರ್ ತೆರೆದು, ಖಾಲಿ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿ ಕಂಟ್ರೋಲ್ + ವಿ ಒತ್ತಿ.

ಕೀಲಿಗಳು ಬೇಡವೆನ್ನುವವರಿಗೆ ರೈಟ್ ಕ್ಲಿಕ್ ಮೆನುವಿನಲ್ಲಿ "ಮೂವ್ ಟು" ಇದೆ. ತಪ್ಪು ಫೋಲ್ಡರ್‌ಗೆ ಹೋಯಿತೆಂದು ಕೂಡಲೇ ಗೊತ್ತಾದರೆ ಕಂಟ್ರೋಲ್ + ಝಡ್ ಅದನ್ನು ವಾಪಸ್ ತರುತ್ತದೆ.

ಮೌಸ್‌ನಲ್ಲಿ ಎಳೆದು ಹಾಕುವಾಗ ನಿಯಮ ವಿಂಡೋಸ್‌ನದ್ದೇ: ಒಂದೇ ಪಾರ್ಟಿಷನ್ ಆದರೆ ಫೈಲ್ ಸಾಗುತ್ತದೆ, ಬೇರೆಯಾದರೆ ನಕಲಾಗುತ್ತದೆ. ನಕಲಾಗುವುದಿದ್ದರೆ ಬಾಣದ ಪಕ್ಕ ಪ್ಲಸ್ ಗುರುತು ಕಾಣುತ್ತದೆ. ಪೆನ್‌ಡ್ರೈವ್‌ಗೆ ಎಳೆದು ಹಾಕಿ "ಸಾಗಿಸಿದೆ" ಅಂದುಕೊಂಡವರ ಹೋಮ್‌ನಲ್ಲಿ ಎಲ್ಲವೂ ಹಾಗೇ ಉಳಿದಿರುವುದು ಇದರಿಂದಲೇ. ಎಳೆಯುವಾಗ ಶಿಫ್ಟ್ ಹಿಡಿದರೆ ಸಾಗಿಸುತ್ತದೆ, ಕಂಟ್ರೋಲ್ ಹಿಡಿದರೆ ನಕಲು ಮಾಡುತ್ತದೆ. ಡಾಲ್ಫಿನ್ ಸಾಮಾನ್ಯವಾಗಿ ಬಿಟ್ಟ ಜಾಗದಲ್ಲೇ ಚಿಕ್ಕ ಮೆನು ತೆರೆದು ಏನು ಮಾಡಲಿ ಎಂದು ಕೇಳುತ್ತದೆ. ಹೊಸಬರಿಗೆ ಇದೇ ಒಳ್ಳೆಯ ನಡವಳಿಕೆ.

ವಿಂಡೋಸ್ ಪಾರ್ಟಿಷನ್‌ನಿಂದ ತೆಗೆಯುವಾಗ

ಎರಡೂ ಸಿಸ್ಟಮ್ ಇರುವ ಕಂಪ್ಯೂಟರ್‌ನಲ್ಲಿ ಆಗಾಗ ಹೀಗಾಗುತ್ತದೆ: ಹಳೆಯ ಡ್ರೈವ್ ತೆರೆಯುತ್ತದೆ, ಫೈಲ್ ಓದಲು ಬರುತ್ತದೆ, ನಕಲು ಮಾಡಲೂ ಬರುತ್ತದೆ, ಸಾಗಿಸಲು ಹೋದರೆ ಮಾತ್ರ "ರೀಡ್-ಓನ್ಲಿ" ಎಂಬ ದೂರು. ಕೆಲವೊಮ್ಮೆ ಡ್ರೈವ್ ತೆರೆಯುವುದೇ ಇಲ್ಲ. ಕಾರಣ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದಾಗ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅರ್ಧ ಹೈಬರ್ನೇಟ್ (ತನ್ನ ಕೆಲಸವನ್ನು ಡಿಸ್ಕ್‌ನಲ್ಲಿ ಉಳಿಸಿಟ್ಟು ಮಲಗಿದ) ಸ್ಥಿತಿಯಲ್ಲಿರುತ್ತದೆ. ಅಂಥ ಡಿಸ್ಕ್‌ಗೆ ಹೊರಗಿನಿಂದ ಬರೆದರೆ ಕೆಡುತ್ತದೆಂದು ಲಿನಕ್ಸ್ ಓದಲು ಮಾತ್ರ ಬಿಡುತ್ತದೆ. ಸಾಗಿಸುವುದೆಂದರೆ ಮೂಲದಿಂದ ಅಳಿಸುವುದೂ ಸೇರಿತಲ್ಲ, ಅದಕ್ಕೇ ಅಲ್ಲಿ ತಡೆಯುತ್ತದೆ.

ಮತ್ತೆ ವಿಂಡೋಸ್‌ಗೆ ಹೋಗಿ ಶಿಫ್ಟ್ ಹಿಡಿದುಕೊಂಡು ಶಟ್‌ಡೌನ್ ಒತ್ತಿ. ಆ ಒಂದು ಸಲಕ್ಕೆ ಪೂರ್ತಿ ಮುಚ್ಚುತ್ತದೆ. ಕಾಯಂ ಪರಿಹಾರಕ್ಕೆ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, "ಚೂಸ್ ವಾಟ್ ದ ಪವರ್ ಬಟನ್ಸ್ ಡು" ಒಳಗೆ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಿರಿ. ಡ್ರೈವ್ ಅನ್ನು ಬಲವಂತದಿಂದ ಮೌಂಟ್ ಮಾಡುವ, ಅಂದರೆ ಬಳಕೆಗೆ ಜೋಡಿಸುವ ಕಮಾಂಡ್‌ಗಳು ಅಂತರ್ಜಾಲದಲ್ಲಿ ಸಿಗುತ್ತವೆ; ಕೈ ಹಾಕಬೇಡಿ, ವಿಂಡೋಸ್ ಉಳಿಸಿಕೊಂಡ ಕೆಲಸ ಹೋಗಬಹುದು. ಡ್ರೈವ್‌ಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ್ದರೆ ತೆರೆಯಲು 48 ಅಂಕಿಯ ರಿಕವರಿ ಕೀ ಬೇಕಾಗಬಹುದು, ಮೊದಲೇ ಬರೆದಿಟ್ಟುಕೊಳ್ಳಿ.

ಇನ್ನೆರಡು ಮೋಸಗಳಿವೆ. ಡೆಸ್ಕ್‌ಟಾಪ್‌ನಲ್ಲಿದ್ದ ಒಂದೆರಡು ಕೆಬಿಯ ಶಾರ್ಟ್‌ಕಟ್ ಫೈಲ್‌ಗಳು ಮೂಲ ಫೈಲ್‌ಗಳಲ್ಲ, ಅವನ್ನು ಲಿನಕ್ಸ್‌ಗೆ ತಂದು ಪ್ರಯೋಜನವಿಲ್ಲ. ಒನ್‌ಡ್ರೈವ್‌ನಲ್ಲಿ "ಬೇಕಾದಾಗ ಡೌನ್‌ಲೋಡ್" ಎಂಬಂತೆ ಬಿಟ್ಟ ಫೈಲ್‌ಗಳ ಹೆಸರಷ್ಟೇ ಡಿಸ್ಕ್‌ನಲ್ಲಿರುತ್ತದೆ, ಒಳಗಿನದ್ದು ಇರುವುದಿಲ್ಲ. ವಿಂಡೋಸ್‌ನಲ್ಲಿದ್ದಾಗಲೇ ರೈಟ್ ಕ್ಲಿಕ್ ಮಾಡಿ "ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್" ಆರಿಸಿ, ಇಳಿದು ಮುಗಿಯುವವರೆಗೆ ಕಾಯಿರಿ.

ಹೆಸರುಗಳ ತಕರಾರು

ಲಿನಕ್ಸ್‌ಗೆ ಇಂಗ್ಲಿಷ್‌ನ ದೊಡ್ಡಕ್ಷರ, ಸಣ್ಣಕ್ಷರ ಬೇರೆಬೇರೆ. ದೊಡ್ಡ ಆರ್‌ನಿಂದ ಬರೆದ ರಿಪೋರ್ಟ್, ಸಣ್ಣ ಆರ್‌ನಿಂದ ಬರೆದ ರಿಪೋರ್ಟ್ ಒಂದೇ ಫೋಲ್ಡರ್‌ನಲ್ಲಿ ಇರಬಹುದು. ಎರಡನ್ನೂ ಪೆನ್‌ಡ್ರೈವ್‌ಗೆ ಸಾಗಿಸಿದರೆ ಅಲ್ಲಿ ಎರಡೂ ಒಂದೇ ಎನಿಸಿಕೊಂಡು ಹಳೆಯದನ್ನು ಬದಲಿಸಲೇ ಎಂಬ ಪ್ರಶ್ನೆ ಬರುತ್ತದೆ. ಹಾಗೆಯೇ ಹೆಸರಿನಲ್ಲಿ ಕೋಲನ್, ಪ್ರಶ್ನಾರ್ಥಕ ಚಿಹ್ನೆ, ಉದ್ಧರಣ ಚಿಹ್ನೆ ಇರುವ ಫೈಲ್ ಲಿನಕ್ಸ್‌ನಲ್ಲಿ ಆರಾಮಾಗಿರುತ್ತದೆ, ಪೆನ್‌ಡ್ರೈವ್‌ಗೆ ಮಾತ್ರ ಹೋಗುವುದಿಲ್ಲ. ಎಫ್2 ಒತ್ತಿ ಹೆಸರು ತಿದ್ದಿ ಮತ್ತೆ ಸಾಗಿಸಿ.

ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ಮಿತಿ ತಗಲುತ್ತದೆ. ಲಿನಕ್ಸ್‌ನ ಸಾಮಾನ್ಯ ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಆದ ಇಎಕ್ಸ್‌ಟಿ4 ಒಂದು ಹೆಸರಿಗೆ 255 ಬೈಟ್ ಕೊಡುತ್ತದೆ. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಅಕ್ಷರ, ಪ್ರತಿ ಸ್ವರಚಿಹ್ನೆ, ಪ್ರತಿ ಅರ್ಧಾಕ್ಷರದ ಗುರುತಿಗೂ 3 ಬೈಟ್. "ಲೆಕ್ಕಪತ್ರ" ಎಂಬುದರಲ್ಲಿ ಕಣ್ಣಿಗೆ ನಾಲ್ಕೇ ಅಕ್ಷರ, ಕಂಪ್ಯೂಟರ್‌ಗೆ 9 ಸಂಕೇತ, ಅಂದರೆ 27 ಬೈಟ್. ಹೀಗಾಗಿ 85 ಸಂಕೇತ ದಾಟಿದ ಹೆಸರು ಇಲ್ಲಿ ಹಿಡಿಸುವುದಿಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೈಟ್ ಬದಲು ಸಂಕೇತ ಲೆಕ್ಕ ಹಾಕಿ 255ರವರೆಗೂ ಬಿಡುತ್ತದೆ, ಅಲ್ಲಿ ಚೆನ್ನಾಗಿದ್ದ ಉದ್ದದ ಹೆಸರು ಇಲ್ಲಿ "ಫೈಲ್ ನೇಮ್ ಟೂ ಲಾಂಗ್" ಆಗುತ್ತದೆ. ವಾಕ್ಯವನ್ನೇ ಹೆಸರಾಗಿಟ್ಟಿದ್ದರೆ ವಿಂಡೋಸ್‌ನಲ್ಲಿರುವಾಗಲೇ ಮೊಟಕು ಮಾಡಿ.

ಪೆನ್‌ಡ್ರೈವ್

ಎಫ್‌ಎಟಿ32 ಎಂಬ ಹಳೆಯ ಫೈಲ್ ಸಿಸ್ಟಮ್‌ಗೆ ಫಾರ್ಮ್ಯಾಟ್ ಆದ ಪೆನ್‌ಡ್ರೈವ್‌ನಲ್ಲಿ 4 ಜಿಬಿ ಮುಟ್ಟಿದ ಒಂದು ಫೈಲ್ ಹಿಡಿಸುವುದಿಲ್ಲ, 20 ಜಿಬಿ ಖಾಲಿ ಇದ್ದರೂ ಅಷ್ಟೇ. ಒಳಗಿರುವುದನ್ನು ಬೇರೆಡೆ ಇಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಪ್ರೋಗ್ರೆಸ್ ಬಾರ್ ತುಂಬಿದ ಕೂಡಲೇ ಕೀಳಲೂ ಬಾರದು. ಲಿನಕ್ಸ್ ಬರೆಯಬೇಕಾದ್ದನ್ನು ಮೊದಲು ರ‍್ಯಾಮ್‌ನಲ್ಲಿ ಇಟ್ಟುಕೊಂಡು ಆಮೇಲೆ ಪೆನ್‌ಡ್ರೈವ್‌ಗೆ ಇಳಿಸುತ್ತದೆ. ಹೆಸರಿನ ಪಕ್ಕದ ಇಜೆಕ್ಟ್ ಒತ್ತಿ, ತೆಗೆಯಬಹುದು ಎಂಬ ಸೂಚನೆ ಬರುವವರೆಗೂ ಕಾಯಿರಿ. ನಿಧಾನದ ಪೆನ್‌ಡ್ರೈವ್ ಆದರೆ ಇದಕ್ಕೇ ಹಲವು ನಿಮಿಷ ಹಿಡಿದೀತು. ಅಳಿಸಿದರೂ ಜಾಗ ಖಾಲಿಯಾಗದಿದ್ದರೆ ಕಂಟ್ರೋಲ್ + ಹೆಚ್ ಒತ್ತಿ ಅಡಗಿದ ಫೋಲ್ಡರ್‌ಗಳನ್ನು ನೋಡಿ. ಟ್ರ್ಯಾಶ್-1000 ಎಂಬಂಥ ಹೆಸರಿನ, ಚುಕ್ಕೆಯಿಂದ ಶುರುವಾಗುವ ಫೋಲ್ಡರ್‌ನಲ್ಲಿ ಅಳಿಸಿದ್ದೆಲ್ಲ ಕೂತಿರುತ್ತದೆ. ಪೆನ್‌ಡ್ರೈವ್ ಚುಚ್ಚಿರುವಾಗಲೇ ಟ್ರ್ಯಾಶ್ (ವಿಂಡೋಸ್‌ನ ರೀಸೈಕಲ್ ಬಿನ್ ಇದ್ದಂತೆ) ಖಾಲಿ ಮಾಡಿದರೆ ಸರಿಹೋಗುತ್ತದೆ.

ಅದೇ ಹೆಸರಿನದ್ದು ಅಲ್ಲಿ ಮೊದಲೇ ಇದ್ದರೆ

ಫೋಲ್ಡರ್‌ಗೆ "ಮರ್ಜ್" ಎಂದರೆ ಎರಡರ ಒಳಗಿನದ್ದೂ ಸೇರಿಕೊಳ್ಳುತ್ತದೆ, ಏನೂ ಹೋಗುವುದಿಲ್ಲ. ಫೈಲ್‌ಗೆ "ರಿಪ್ಲೇಸ್" ಎಂದರೆ ಹಳೆಯದು ಅಳಿಯುತ್ತದೆ, ಟ್ರ್ಯಾಶ್‌ಗೂ ಹೋಗುವುದಿಲ್ಲ. ಕೆಳಗಿರುವ "ಎಲ್ಲಕ್ಕೂ ಇದನ್ನೇ ಅನ್ವಯಿಸು" ಎಂಬ ಟಿಕ್ ಹಾಕುವ ಮುನ್ನ ಎರಡರ ಗಾತ್ರ, ದಿನಾಂಕ ಹೋಲಿಸಿ. ಅನುಮಾನವಿದ್ದರೆ ಸ್ಕಿಪ್ ಒತ್ತಿ, ಉಳಿದವನ್ನು ಆಮೇಲೆ ನೋಡಿಕೊಳ್ಳಬಹುದು.

ಹೋಮ್‌ನಿಂದಾಚೆಗೆ, ಸಿಸ್ಟಮ್ ಫೋಲ್ಡರ್‌ಗಳಿಗೆ ಸಾಗಿಸಲು ಅನುಮತಿ ಇಲ್ಲವೆಂಬ ದೂರು ಬಂದರೆ ಬಹುತೇಕ ಅದು ಸರಿಯಾದ ದೂರೇ. ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಬಳಸಿ ಫೈಲ್ ಮ್ಯಾನೇಜರ್ ತೆರೆಯುವ ಅಭ್ಯಾಸ ಬೇಡ. ಆಮೇಲೆ ಅಲ್ಲಿ ಹುಟ್ಟಿದ ಫೈಲ್‌ಗಳೆಲ್ಲ ರೂಟ್ ಎಂಬ ಅಡ್ಮಿನ್ ಖಾತೆಯ ಒಡೆತನಕ್ಕೆ ಹೋಗಿ ನಿಮಗೇ ತಿದ್ದಲು ಬರುವುದಿಲ್ಲ.

ಟರ್ಮಿನಲ್‌ನಲ್ಲಿ

ಕಂಟ್ರೋಲ್ + ಆಲ್ಟ್ + ಟಿ ಒತ್ತಿದರೆ ಟರ್ಮಿನಲ್, ಅಂದರೆ ಕಮಾಂಡ್ ಬರೆಯುವ ಕಿಟಕಿ ತೆರೆಯುತ್ತದೆ. ಕಮಾಂಡ್ ಇಂಗ್ಲಿಷ್‌ನ ಎಂ, ವಿ ಎಂಬ ಎರಡು ಸಣ್ಣಕ್ಷರ. ನಂತರ ಫೈಲ್ ಹೆಸರು, ಕೊನೆಗೆ ಫೋಲ್ಡರ್ ಹೆಸರು. ಎಂವಿ ಸಾಮಾನ್ಯವಾಗಿ ಏನನ್ನೂ ಕೇಳದೆ ಹಳೆಯ ಫೈಲ್ ಮೇಲೆ ಬರೆದುಬಿಡುತ್ತದೆ, ಹಾಗಾಗಿ ಜೊತೆಗೆ ಹೈಫನ್ ಐ ಸೇರಿಸಿ, ಆಗ ಕೇಳಿಯೇ ಮುಂದುವರಿಯುತ್ತದೆ. ಫೋಲ್ಡರ್ ಹೆಸರಲ್ಲಿ ಕಾಗುಣಿತ ತಪ್ಪಿದರೆ ಇನ್ನೊಂದು ಕಿತಾಪತಿ: ಅಂಥ ಫೋಲ್ಡರ್ ಇಲ್ಲವಾದ್ದರಿಂದ ಫೈಲ್‌ಗೇ ಆ ತಪ್ಪು ಹೆಸರು ಬರುತ್ತದೆ. ಫೋಲ್ಡರ್ ಹೆಸರಿನ ಕೊನೆಗೆ ಒಂದು ಸ್ಲ್ಯಾಷ್ ಹಾಕಿದರೆ ಅದು ಹೆಸರು ಬದಲಿಸದೆ ದೂರು ಹೇಳಿ ನಿಲ್ಲುತ್ತದೆ. ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಇಲ್ಲವೇ ಮೊದಲೆರಡು ಅಕ್ಷರ ಹೊಡೆದು ಟ್ಯಾಬ್ ಒತ್ತಿ, ಉಳಿದದ್ದನ್ನು ಅದೇ ತುಂಬುತ್ತದೆ.

ಅಳಿಸುವ ಮುನ್ನ

ಬೆಲೆಬಾಳುವ ಫೋಟೋ, ದಾಖಲೆಗಳನ್ನು ಬೇರೆ ಡಿಸ್ಕ್‌ಗೆ ಒಯ್ಯುವಾಗ ಕಟ್ ಬೇಡ. ಕಾಪಿ ಮಾಡಿ, ಎರಡೂ ಕಡೆ ಫೋಲ್ಡರ್ ಆರಿಸಿ ಆಲ್ಟ್ + ಎಂಟರ್ ಒತ್ತಿ, ಎಷ್ಟು ಫೈಲ್, ಎಷ್ಟು ಗಾತ್ರ ಎಂದು ಹೋಲಿಸಿ, ಆಮೇಲೆ ಮೂಲವನ್ನು ಅಳಿಸಿ. ಹೋಲಿಕೆ ಎರಡೂ ಲಿನಕ್ಸ್‌ನಲ್ಲೇ ಆಗಲಿ. ವಿಂಡೋಸ್‌ನಲ್ಲಿ 10 ಜಿಬಿ ಇದ್ದ ಫೋಲ್ಡರ್ ಉಬುಂಟುವಿನಲ್ಲಿ 10.7 ಜಿಬಿ ಎಂದು ಕಾಣುತ್ತದೆ. ಅಲ್ಲಿ 1 ಕೆಬಿ ಎಂದರೆ 1024 ಬೈಟ್, ಇಲ್ಲಿ 1000, ಫೈಲ್ ಬೆಳೆದದ್ದಲ್ಲ. ವಿಂಡೋಸ್ ಬಚ್ಚಿಟ್ಟುಕೊಂಡಿದ್ದ ಡೆಸ್ಕ್‌ಟಾಪ್ ಡಾಟ್ ಐಎನ್‌ಐ, ಥಂಬ್ಸ್ ಡಾಟ್ ಡಿಬಿ ಇಲ್ಲಿ ಎದ್ದು ಕಾಣುತ್ತವೆ. ಲಿನಕ್ಸ್ ಕಡೆಯ ನಕಲಿನಲ್ಲಿ ಅವನ್ನು ಧಾರಾಳವಾಗಿ ಅಳಿಸಬಹುದು.