ಐಯುಐ ದಿನ ವೀರ್ಯವನ್ನು ಸಿದ್ಧ ಮಾಡುವುದು ಹೇಗೆ?

ಮಕ್ಕಳಾಗಲಿಲ್ಲವೆಂದರೆ ನಮ್ಮಲ್ಲಿ ಮೊದಲು ಆಸ್ಪತ್ರೆ ಅಲೆಯುವವಳು ಹೆಂಡತಿ. ಗಂಡನ ವೀರ್ಯ ಪರೀಕ್ಷೆಗೆ ಸೂಜಿಯೂ ಬೇಡ, ಅರಿವಳಿಕೆಯೂ ಬೇಡ. ಅದು ಮೊದಲು ಆಗಲಿ.

ಐಯುಐ ಎಂದರೆ ಲ್ಯಾಬಿನಲ್ಲಿ ಆರಿಸಿದ ವೀರ್ಯಾಣುಗಳನ್ನು ನೇರ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ. ಅದರ ತಯಾರಿ ಶುರುವಾಗುವುದು ಮನೆಯಲ್ಲೇ. ವೀರ್ಯಾಣು ಹುಟ್ಟಿ ಬಲಿಯಲು ಸುಮಾರು ಎರಡೂವರೆ ತಿಂಗಳು ಬೇಕು. ಹಾಗಾಗಿ ಸಿಗರೇಟು, ಗುಟ್ಕಾ ಬಿಡುವುದಿದ್ದರೆ ಮೂರು ತಿಂಗಳು ಮೊದಲೇ ಬಿಡಬೇಕು. ಮೈಕಟ್ಟಿಗಾಗಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ. ಅದು ವೀರ್ಯಾಣು ಹುಟ್ಟುವುದನ್ನೇ ನಿಲ್ಲಿಸಿಬಿಡಬಹುದು.

ಸ್ಯಾಂಪಲ್ ಕೊಡುವ ಮುಂಚೆ 2ರಿಂದ 7 ದಿನ ವೀರ್ಯ ಹೊರಹೋಗಿರಬಾರದು. ಇನ್ನೂ ಹೆಚ್ಚು ದಿನ ತಡೆದರೆ ಒಳ್ಳೆಯದೆಂದು ಹಲವರು ನಂಬಿದ್ದಾರೆ, ಆದರೆ ಆಗ ಸಂಖ್ಯೆ ಏರಿದರೂ ಚುರುಕು ಇಳಿಯುತ್ತದೆ. ಎಣ್ಣೆ, ಸೋಪು, ಎಂಜಲು, ಮಾಮೂಲಿ ಕಾಂಡೋಮ್ ಯಾವುದೂ ಬೇಡ. ಮೊದಲು ಬರುವ ಭಾಗದಲ್ಲೇ ವೀರ್ಯಾಣು ಹೆಚ್ಚು. ಅದು ಚೆಲ್ಲಿಹೋಗಿದ್ದರೆ ಸಂಕೋಚಪಡದೆ ಹೇಳಿ. ಮನೆಯಿಂದ ತರುವುದಾದರೆ ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿಕೊಂಡು ಒಂದು ಗಂಟೆಯೊಳಗೆ ತಲುಪಿಸಿ.

ಲ್ಯಾಬಿನಲ್ಲಿ ಮೊದಲು ಹೆಸರು ತಾಳೆ ನೋಡುತ್ತಾರೆ. ಆಮೇಲೆ ಡಬ್ಬಿಯನ್ನು 37 ಡಿಗ್ರಿ ಶಾಖದಲ್ಲಿ ಇಡುತ್ತಾರೆ. ಲೋಳೆಯಂತಿದ್ದ ವೀರ್ಯ ಅರ್ಧ ಗಂಟೆಯಲ್ಲಿ ನೀರಾಗುತ್ತದೆ. ಆಗ ಎಣಿಕೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಕೆಳಗಿನ ಮಿತಿ ಮಿಲಿಲೀಟರಿಗೆ 1.6 ಕೋಟಿ, ಅಲುಗಾಡುವವು ಶೇ 42. ಸರಿಯಾದ ಆಕಾರದವು ಶೇ 4 ಇದ್ದರೂ ಸಾಕು. ರಿಪೋರ್ಟಿನಲ್ಲಿ ಆ ಅಂಕಿ ನೋಡಿ ಎದೆಗುಂದಬೇಡಿ.

ಮುಂದಿನದು ಸೋಸುವ ಕೆಲಸ. ಚೂಪು ತಳದ ಟ್ಯೂಬಿನಲ್ಲಿ ಕೆಳಗೆ ಶೇ 80ರ ಗಟ್ಟಿ ದ್ರಾವಣ, ಮೇಲೆ ಶೇ 40ರ ತೆಳು ದ್ರಾವಣ, ಅದರ ಮೇಲೆ ವೀರ್ಯ. ಪದರಗಳು ಕಲಸದಂತೆ ಗೋಡೆಗುಂಟ ಹನಿಹನಿಯಾಗಿ ಬಿಡಬೇಕು, ಕೈ ನಡುಗುವಂತಿಲ್ಲ. ಸೆಂಟ್ರಿಫ್ಯೂಜಿನಲ್ಲಿ ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಮೆಲ್ಲಗೆ ತಿರುಗಿಸಿದರೆ ಸತ್ತವು, ಬಿಳಿ ರಕ್ತಕಣ, ಕಸ ಎಲ್ಲ ಮೇಲೇ ಸಿಕ್ಕಿಕೊಳ್ಳುತ್ತವೆ. ಬಲಿತವು ಭಾರ, ತಳಕ್ಕಿಳಿಯುತ್ತವೆ. ರಾಗಿ ಕಾಳಿನಷ್ಟು ಬಿಳಿ ಚುಕ್ಕೆ, ಅಷ್ಟೇ. ಅದನ್ನು ಪೋಷಕ ದ್ರಾವಣದಲ್ಲಿ ತೊಳೆದು ಅರ್ಧ ಮಿಲಿಲೀಟರಿನಷ್ಟು ಮಾಡಿ ಗರ್ಭಕೋಶಕ್ಕೆ ಬಿಡುತ್ತಾರೆ. ತೊಳೆಯದೆ ಬಿಟ್ಟರೆ ವೀರ್ಯದಲ್ಲಿನ ಪ್ರೊಸ್ಟಗ್ಲಾಂಡಿನ್‌ನಿಂದ ಗರ್ಭಕೋಶ ಹಿಂಡಿಕೊಂಡು ವಿಪರೀತ ನೋವಾಗುತ್ತದೆ.

ಸಂಖ್ಯೆ ಚೆನ್ನಾಗಿದ್ದರೆ ಇನ್ನೊಂದು ದಾರಿಯಿದೆ. ವೀರ್ಯದ ಮೇಲೆ ಪೋಷಕ ದ್ರಾವಣ ಹಾಕಿ, ಟ್ಯೂಬನ್ನು 45 ಡಿಗ್ರಿ ವಾಲಿಸಿ ಒಂದು ಗಂಟೆ ಬಿಡುತ್ತಾರೆ. ಕಸುವಿದ್ದವು ತಾವೇ ಮೇಲಕ್ಕೆ ಈಜಿ ಬರುತ್ತವೆ. ಇಕ್ಸಿಯಲ್ಲಾದರೆ, ಅಂದರೆ ಲ್ಯಾಬಿನಲ್ಲೇ ಭ್ರೂಣ ಮಾಡುವ ಚಿಕಿತ್ಸೆಯಲ್ಲಾದರೆ, ಸೂಕ್ಷ್ಮದರ್ಶಕದಡಿ ಒಂದನ್ನೇ ಆರಿಸಿ, ಬಾಲ ಒತ್ತಿ ನಿಲ್ಲಿಸಿ, ಅಂಡಾಣುವಿನೊಳಗೆ ಚುಚ್ಚುತ್ತಾರೆ.

ತೊಳೆದ ಮಾತ್ರಕ್ಕೆ ಕೆಟ್ಟ ವೀರ್ಯಾಣು ಒಳ್ಳೆಯದಾಗುವುದಿಲ್ಲ, ಇದ್ದುದರಲ್ಲಿ ಒಳ್ಳೆಯದನ್ನು ಆರಿಸಬಹುದು. ಗಂಡೋ ಹೆಣ್ಣೋ ಎಂದು ಆರಿಸಿಕೊಡುತ್ತೇವೆಂದು ಯಾರಾದರೂ ಹೇಳಿದರೆ ಎದ್ದು ಬನ್ನಿ, ಅದು 1994ರ ಲಿಂಗಪತ್ತೆ ತಡೆ ಕಾಯ್ದೆಯಡಿ ಅಪರಾಧ.

ವಾಷ್ ಆದ ಮೇಲೆ ಓಡಾಡುವ ವೀರ್ಯಾಣು ಎಷ್ಟು ಸಿಕ್ಕವೆಂದು ಕೇಳಿ ಬರೆಸಿಕೊಳ್ಳಿ. 10 ಲಕ್ಷಕ್ಕಿಂತ ಕಡಿಮೆ ಸಿಕ್ಕಿದ್ದರೆ ಇನ್ನೊಂದು ಐಯುಐಗೆ ಹಣ ಕಟ್ಟುವ ಮೊದಲು ಇಕ್ಸಿ ಬಗ್ಗೆ ಡಾಕ್ಟರ ಹತ್ತಿರ, ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ.