ಇ.ಎಲ್. (ಗಳಿಕೆ ರಜೆ) ಖಾತೆಯಿಂದ ಕಟ್ಟಾದ 15 ದಿನ ವಾಪಸ್ ಬಂದದ್ದು ಹೀಗೆ

ಕಾಸರಗೋಡಲ್ಲಿ ಕೇಂದ್ರ ಸರ್ಕಾರಿ ಕೆಲಸ ನನ್ನದು. ಮನೆಯವಳ ಹೆರಿಗೆ ಮಂಗಳೂರಲ್ಲಿ ಆದದ್ದು, ಆ ಗಡಿಬಿಡಿಯಲ್ಲಿ ಅರ್ಜಿಯಲ್ಲಿ ಪಿತೃತ್ವ ರಜೆ ಅಂತ ಬರೆಯುವ ಬದಲು ಇ.ಎಲ್. ಅಂತ ಬರೆದು ಹೋದೆ, ಬಂದು ನೋಡಿದ್ರೆ ಖಾತೆಯಲ್ಲಿ 15 ದಿನ ಕಳೆದಿದ್ದಾರೆ.

ಆಫೀಸಲ್ಲಿ ರಜೆ ನೋಡುವ ಸೆಕ್ಷನಲ್ಲಿ ಬಾಯಲ್ಲಿ ಹೇಳಿದ್ದು ನಡೀಲಿಲ್ಲ. "ತಪ್ಪು ಸರಿಪಡಿಸಿ" ಅಂತ ಕಾಗದ ಕೊಟ್ಟೆ, ಮಂಜೂರಾದ್ದು ಆಯ್ತು ಅಂತ ವಾಪಸ್ ಬಂತು. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಇಟ್ಟದ್ದೂ ಆಗಲಿಲ್ಲ, ಅದರಲ್ಲಿ ಅವಳ ತವರಿನ ಇನಿಶಿಯಲ್, ಸರ್ವಿಸ್ ಬುಕ್ಕಲ್ಲಿ ಬೇರೆ.

ಕೆಲಸ ಆದದ್ದು 1972ರ ಕೇಂದ್ರ ರಜಾ ನಿಯಮಗಳ 10ನೇ ನಿಯಮದಿಂದ. ಮುಗಿದ ರಜೆಯನ್ನೂ ಬೇರೆ ನಮೂನೆಯ ರಜೆಯಾಗಿ ಬದಲಿಸ್ಲಿಕ್ಕೆ ಅದರಲ್ಲಿ ದಾರಿ ಉಂಟು, ಆದ್ರೆ ಡ್ಯೂಟಿಗೆ ಸೇರಿ 30 ದಿನದೊಳಗೆ ಅರ್ಜಿ ಮುಟ್ಟಲೇಬೇಕು, ನಾನು ಕೊಟ್ಟದ್ದು 26ನೇ ದಿನ. ಅಡಿಯಲ್ಲಿ ಜನನ ಪತ್ರ, ಅದರ ಮೇಲೆ ಹೆಸರಿನ ವ್ಯತ್ಯಾಸಕ್ಕೆ ಡಿಕ್ಲರೇಶನ್, ಎಲ್ಲದರ ಮೇಲೆ ಅರ್ಜಿ. ವಿಳಾಸ ರಜೆ ಮಂಜೂರು ಮಾಡಿದ ಅಧಿಕಾರಿಗೇ, ಸೆಕ್ಷನಿಗಲ್ಲ. ಒಕ್ಕಣೆ ಇಷ್ಟೇ: "10ನೇ ನಿಯಮದಂತೆ ಈ ತಾರೀಕಿನಿಂದ ಈ ತಾರೀಕಿನವರೆಗಿನ ಗಳಿಕೆ ರಜೆಯನ್ನು 43-ಎ ಪ್ರಕಾರ ಪಿತೃತ್ವ ರಜೆಯಾಗಿ ಪರಿವರ್ತಿಸಬೇಕು." ಎರಡೂ ನಂಬರ್ ಬರೆಯಲೇಬೇಕು. ಅದೇ ನಿಯಮಗಳ 43-ಎ ಅಂದ್ರೆ ಪಿತೃತ್ವ ರಜೆಯದ್ದು, ಆ ರಜೆಯನ್ನು ರಜಾ ಖಾತೆಯಿಂದ ಕಳೆಯುವ ಹಾಗಿಲ್ಲ, ಸಂಬಳ ಪೂರ್ತಿ, ಹೆರಿಗೆಯಾಗಿ 6 ತಿಂಗಳೊಳಗೆ ತೆಗೊಳ್ಳದಿದ್ರೆ ಹೋಯ್ತು.

ಹೊಸ ಆರ್ಡರ್ ಬಂದ ಮೇಲೆ ಸರ್ವಿಸ್ ಬುಕ್ಕಿನ ರಜೆ ಪುಟದಲ್ಲಿ ಕೆಂಪು ಶಾಯಿಯಲ್ಲಿ 15 ವಾಪಸ್ ಸೇರಿಸಿದ್ದನ್ನು ಕಣ್ಣಾರೆ ನೋಡಿಯೇ ಬಂದೆ.