ಫಾರಂ ತುಂಬದವರ ತೃಪ್ತಿ ಅಳೆದದ್ದು: ನನ್ನ ಅನುಭವ

ಕೊರೊನಾ ಕಾಲದ ಆನ್‌ಲೈನ್ ಕ್ಲಾಸುಗಳ ಬಗ್ಗೆ ಮೆಡಿಕಲ್ ವಿದ್ಯಾರ್ಥಿಗಳಿಗೆ ನಾವು ಕಳಿಸಿದ ಮೊದಲ ಫಾರಂನಲ್ಲಿ ಮೂವತ್ತು ಪ್ರಶ್ನೆ. ತೃಪ್ತಿಯ ಸರಾಸರಿ 5ಕ್ಕೆ 4ರ ಹತ್ತಿರ ಬಂತು. ವಿಭಾಗದವರಿಗೆ ಸಮಾಧಾನವೋ ಸಮಾಧಾನ. ಆದರೆ 150 ಜನರ ಬ್ಯಾಚಿನಲ್ಲಿ ಉತ್ತರಿಸಿದವರು ಅರವತ್ತರ ಆಸುಪಾಸು. ನೆಟ್‌ವರ್ಕ್ ಸಿಗದೆ ಕ್ಲಾಸಿಗೇ ಬರಲಾಗದವನು ಆನ್‌ಲೈನ್ ಫಾರಂ ತುಂಬಿಯಾನೇ? ಅತೃಪ್ತರೇ ಲೆಕ್ಕದಿಂದ ಹೊರಗೆ ಉಳಿದಿದ್ದರು.

ಉಳಿದವರಿಗೆ ಫೋನ್ ಮಾಡಿ ಕೇಳೋಣ ಎಂದಾಗ ನಕ್ಕವರೇ ಹೆಚ್ಚು. ಹೆಸರು ಗೊತ್ತಾದರೆ ಯಾರೂ ನಿಜ ಹೇಳುವುದಿಲ್ಲ ಎಂಬ ಆಕ್ಷೇಪಣೆ ಸರಿಯೇ ಇತ್ತು. ‘ಒಬ್ಬರಿಗೆ ಒಂದೇ ಉತ್ತರ’ ಎಂಬ ಸೆಟ್ಟಿಂಗ್ ಹಾಕಿದರೆ ಲಾಗಿನ್ ಕೇಳುತ್ತದೆ. ಲಾಗಿನ್ ಕಂಡೊಡನೆ ಹುಡುಗರು ಎಲ್ಲದಕ್ಕೂ 4 ಒತ್ತಿ ಹೋಗುತ್ತಾರೆ. ಅದಕ್ಕೇ ಲಾಗಿನ್ ತೆಗೆದು ಒಬ್ಬೊಬ್ಬರಿಗೂ ಒಂದು ಕೋಡ್ ಕೊಟ್ಟೆ. ಯಾವ ಕೋಡ್ ಯಾರದ್ದೆಂಬ ಪಟ್ಟಿ ಕ್ಲಾಸ್ ರೆಪ್ (ವಿದ್ಯಾರ್ಥಿಗಳ ಪ್ರತಿನಿಧಿ) ಬಳಿ ಮಾತ್ರ, ಫಾರಂನಲ್ಲಿ ಬಂದ ಉತ್ತರಗಳು ನನ್ನ ಬಳಿ ಮಾತ್ರ. ಬಳಕೆಯಾಗದ ಕೋಡ್‌ಗಳನ್ನು ನಾನು ಅವನಿಗೆ ಹೇಳಿದರೆ, ಆ ಹುಡುಗರಿಗೆ ಅವನೇ ಫೋನ್ ಮಾಡಿ ಉತ್ತರ ಕೇಳುತ್ತಿದ್ದ. ಪರೀಕ್ಷೆಯಲ್ಲಿ ಅಂಕ ಹಾಕುವವರು ಫೋನ್ ಮುಟ್ಟಲೇಬಾರದು. ಫೋನಿನಲ್ಲಿ ದಾಕ್ಷಿಣ್ಯಕ್ಕೆ ಒಂದು ಅಂಕ ಹೆಚ್ಚೇ ಕೊಡುತ್ತಾರೆ, ಹಾಗಾಗಿ ಆ ಉತ್ತರಗಳನ್ನು ಬೇರೆಯೇ ಕಾಲಂನಲ್ಲಿಡಬೇಕು, ಬೆರೆಸಬಾರದು.

ಪ್ರಶ್ನೆಗಳನ್ನು ಏಳಕ್ಕೆ ಇಳಿಸಿದೆ: ಥಿಯರಿ, ಸ್ಲೈಡ್ ಸ್ಪಷ್ಟತೆ, ಕ್ಲಿನಿಕಲ್ ಕೌಶಲ, ಸಂದೇಹ ಪರಿಹಾರ, ಸಂಪರ್ಕ, ಪರೀಕ್ಷೆಯ ಧೈರ್ಯ. ಏಳನೆಯದನ್ನು ಇಲ್ಲಿ ಬರೆಯುವುದಿಲ್ಲ, ಬಯಲಾದರೆ ಅದು ಕೆಲಸ ಮಾಡದು. ಒಂದು ಪ್ರಶ್ನೆ ಉಲ್ಟಾ ಇರಲಿ, ಅಂದರೆ ಅಲ್ಲಿ ಹೆಚ್ಚು ಅಂಕವೆಂದರೆ ಹೆಚ್ಚು ಅತೃಪ್ತಿ. ಸಾಲಾಗಿ 5 ಒತ್ತಿದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಮೊದಲ ಸಲ ಅದರ ಅಂಕ ತಿರುಗಿಸುವುದನ್ನೇ ಮರೆತೆ. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಅಳೆಯುವ ಕ್ರಾನ್‌ಬಾಕ್ ಆಲ್ಫಾ, ಸಾಮಾನ್ಯವಾಗಿ ಸಾಕೆನ್ನುವ 0.7 ಮುಟ್ಟಲೇ ಇಲ್ಲ, ಪ್ರಶ್ನೆಗಳೇ ಕೆಟ್ಟವೆಂದು ಎರಡು ವಾರ ತಲೆ ಕೆಡಿಸಿಕೊಂಡೆ. 6ರಿಂದ ಆ ಪ್ರಶ್ನೆಯ ಅಂಕ ಕಳೆದರೆ ಮುಗಿಯಿತು.

ಎರಡನೇ ಸುತ್ತಿನಲ್ಲಿ ಬಣ್ಣ ಬಯಲಾಯಿತು. ಥಿಯರಿಗೆ ತಕರಾರಿಲ್ಲ, ಸಂಪರ್ಕ ಮತ್ತು ಕ್ಲಿನಿಕಲ್ ನೆಲ ಕಚ್ಚಿದ್ದವು. ‘ಒಟ್ಟಾರೆ ತೃಪ್ತಿಯೇ?’ ಎಂಬ ಒಂದೇ ಪ್ರಶ್ನೆ ಇದನ್ನೆಲ್ಲ ಮುಚ್ಚಿಡುತ್ತದೆ.

ಹಣ ಸುರಿದದ್ದು ವಿಡಿಯೊ ಆ್ಯಪ್‌ನ ಲೈಸೆನ್ಸಿಗೆ, ಸೋರಿದ್ದು ವಿದ್ಯಾರ್ಥಿಯ ಮೊಬೈಲ್ ಡೇಟಾದಲ್ಲಿ. ಲೈವ್ ವಿಡಿಯೊ ಗಂಟೆಗೆ ಅರ್ಧ ಜಿಬಿಯನ್ನಾದರೂ ನುಂಗುತ್ತದೆ. ಉಪನ್ಯಾಸವನ್ನು ರೆಕಾರ್ಡ್ ಮಾಡಿ 12 ನಿಮಿಷದ ತುಂಡು ಮಾಡಿ, ಸೆಕೆಂಡಿಗೆ 5 ಫ್ರೇಮ್ (ಚಿತ್ರ), ಮೋನೊ (ಒಂದೇ ಚಾನೆಲ್) ಧ್ವನಿ ಸೆಕೆಂಡಿಗೆ 64 ಕಿಲೋಬಿಟ್ ಇಟ್ಟೆ. ಒಂದು ತುಂಡು ಸುಮಾರು 15 ಎಂಬಿ. ನಿಂತ ಸ್ಲೈಡಿಗೆ 30 ಫ್ರೇಮ್ ದಂಡ. ಆದರೆ ಹಿಸ್ಟಾಲಜಿಯಲ್ಲಿ (ಸೂಕ್ಷ್ಮದರ್ಶಕದಲ್ಲಿ ಅಂಗಾಂಶ ನೋಡುವ ಪಾಠ) ಫ್ರೇಮ್ ಇಳಿಸಿ, ರೆಸಲ್ಯೂಶನ್ ಮಾತ್ರ ಇಳಿಸಬೇಡಿ. ಇಳಿಸಿದರೆ ಜೀವಕೋಶದ ನ್ಯೂಕ್ಲಿಯಸ್ ಮಸಿಚುಕ್ಕೆಯಾಗುತ್ತದೆ. ಉಳಿದ ಲೈವ್ ಸಮಯವೆಲ್ಲ ಕೇಸ್ ಚರ್ಚೆಗೆ. ಮುಂದಿನ ಸುತ್ತಿನಲ್ಲಿ ಸಂಪರ್ಕದ ಅಂಕ ಒಂದಕ್ಕಿಂತ ಹೆಚ್ಚು ಏರಿತು, ನಕ್ಕವರು ಸೆಟ್ಟಿಂಗ್ ಕೇಳಿಕೊಂಡು ಬಂದರು.

ನಡುವೆ ಹೃದಯದ ಶಬ್ದಗಳ ಒಂದು ಪ್ರಯೋಗ. ಕಾಲ್‌ನಲ್ಲಿ ರೆಕಾರ್ಡಿಂಗ್ ಹಾಕಿದರೆ ಏನೂ ಕೇಳಿಸದು, ಸದ್ದು ತಗ್ಗಿಸುವ ಫಿಲ್ಟರ್ ಅದನ್ನು ಗದ್ದಲವೆಂದೇ ಅಳಿಸುತ್ತದೆ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಆನ್ ಮಾಡಬೇಕು. ಆಗಲೂ ಫೋನಿನ ಸ್ಪೀಕರ್‌ಗೆ ತಗ್ಗು ಸ್ವರ ಎಟುಕದು: ಅಯೋರ್ಟಿಕ್ ರಿಗರ್ಜಿಟೇಶನ್ (ಕವಾಟ ಸೋರುವಾಗಿನ ಎತ್ತರದ ಸ್ವರ) ಕೇಳುತ್ತದೆ, ಮೈಟ್ರಲ್ ಸ್ಟೆನೋಸಿಸ್‌ನ (ಕಿರಿದಾದ ಕವಾಟದ) ತಗ್ಗು ಗುಡುಗು ಮತ್ತು ಎಸ್3 (ಮೂರನೇ ಹೃದಯ ಶಬ್ದ) ಮಾಯ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕೇ ಬೇಕು. ಫೈಲನ್ನೇ ಮೊದಲು ಕಳಿಸಿಬಿಡುವುದು ಇನ್ನೂ ಅಗ್ಗ.

ಹೊಟ್ಟೆ ಮುಟ್ಟಿ ನೋಡುವುದನ್ನು ಮಾತ್ರ ಯಾವ ಸೆಟ್ಟಿಂಗೂ ಕಲಿಸಲಿಲ್ಲ. ಕ್ಲಿನಿಕಲ್ ಅಂಕ ವಾರ್ಡುಗಳು ತೆರೆಯುವವರೆಗೂ ಅಲ್ಲಾಡಲಿಲ್ಲ.